ಮಂದಿ ಕೂಡಿಸಿ ನೋಡಿದ ಗಾಲಿ

ಟೈರ್ ಅಂಗಡಿ ಅಕ್ಕ ಹಸಿರು ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಅದರ ಕೆಳಗೆ ಬೆರಳ ತುದಿವರೆಗೂ ಗ್ರೀಸಿನ ಕಪ್ಪು. ಶಹಾಪುರ ಬಸ್ ಸ್ಟ್ಯಾಂಡ್ ಎದುರಿನ ಆ ಅಂಗಡಿಯನ್ನು ಗಂಡ ಶುರು ಮಾಡಿದ್ದ, ನಡೆಸಿದವಳು ಅವಳು. ದನಿ ರಸ್ತೆಯಾಚೆಗೂ ಕೇಳುತ್ತಿತ್ತು. ತಪ್ಪು ಕಂಡರೆ ಎಂಥ ದೊಡ್ಡವರನ್ನೂ ಬಿಡುತ್ತಿರಲಿಲ್ಲ.

ನನ್ನದು ಬಾಡಿಗೆ ಕಾರು. ಸುರಪುರದ ಹುಡುಗಿಯನ್ನು ನೋಡಿ ಬಂದಾಗಿನಿಂದ ನನಗೆ ಬೇರೆ ಸಂಬಂಧವೇ ಬೇಡವಾಗಿತ್ತು. ಅವಳ ಮನೆಯವರು ನಮ್ಮ ಮನೆ ನೋಡಲು ಬರುವ ದಿನ, ಯಾದಗಿರಿಯಿಂದ ಅಗಲವಾದ ಅಲಾಯ್ ರಿಮ್ ತಂದು ಅಕ್ಕನ ಮುಂದಿಟ್ಟೆ. ಬೋಲ್ಟಿನ ತೂತುಗಳೆಲ್ಲ ಸರಿಯಾಗಿದ್ದವು. ನಾನು ಉಬ್ಬಿಹೋಗಿದ್ದೆ.

"ತೂತು ಕೂತ್ರ ಆತೇನು? ಆಫ್‌ಸೆಟ್ ನೋಡು," ಎಂದು ರಿಮ್ಮಿನ ಅಗಲದ ನಡುವೆ ಸೀಮೆಸುಣ್ಣದ ಗೆರೆ ಎಳೆದಳು. "ಈ ನಡುಗೆರಿಯಿಂದ ಬೋಲ್ಟ್ ಕೂಡೋ ಜಾಗ ಎಷ್ಟು ದೂರ ಅದ, ಅದು ಆಫ್‌ಸೆಟ್. ಆ ಜಾಗ ಹೊರಗ ಸರಿದ್ರ ಗಾಲಿ ಒಳಗ ಹೋಗತದ. ಒಳಗ ಸರಿದ್ರ ಗಾಲಿ ಹೊರಗ ಬರತದ. ನಿಂದು ಹೊರಗ ಬರೋದು. ಹಾಕ್ತೀನಿ, ಆದ್ರ ಮಂದಿ ಕೂಡಿಸಿ ನೋಡದ ಗಾಡಿ ಬಿಡಂಗಿಲ್ಲ."

ಯಾರು ಬಂದರೂ ಅವಳದು ಅದೇ ಕಾನೂನು. ಬಸ್ಸಿಗೆ ಕಾಯುವವರನ್ನೆಲ್ಲ ಕರೆದು ಕಾರಿನಲ್ಲಿ ಕೂಡಿಸುತ್ತಿದ್ದಳು.

ಗಾಲಿ ಹಾಕಿ ಮುಗಿಸುವಷ್ಟರಲ್ಲಿ ನನ್ನ ಕರ್ಮಕ್ಕೆ ಸುರಪುರದವರೇ ಬಸ್ಸಿಳಿದರು: ಹುಡುಗಿಯ ಅಪ್ಪ, ಇಬ್ಬರು ಕಾಕಾ, ಮೈತುಂಬಿದ ಒಬ್ಬ ಅತ್ತೆ. ಅಕ್ಕ ಅವರನ್ನೇ ಕೂಡಿಸಿದಳು. ಕಾರು ಕುಗ್ಗಿತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅವಳ ಬೆರಳು ಹೋಗಲಿಲ್ಲ.

"ಅಕ್ಕಾ, ಅವರ ಮುಂದ ಏನೂ ಅನಬ್ಯಾಡ," ಎಂದು ಪಿಸುಗುಟ್ಟಿದೆ.

"ಎಲ್ಲಾರೂ ಇಳೀರಿ," ಎಂದು ಕೂಗಿದಳು. "ಗುಂಡಿಗೆ ಬಿದ್ರ ಟೈರ್ ಹರೀತದ. ಏ ತಮ್ಮಾ, ನೀನ ಬಿಚ್ಚು. ಹಳೇವು ಹಾಕು."

ಹೊಸ ಅಂಗಿಯಲ್ಲೇ ಜಾಕ್ ಹಚ್ಚಿ ಕೂತೆ. ಸಂಬಂಧ ಮುರಿದೇ ಹೋಯಿತೆಂದುಕೊಂಡೆ. ಹುಡುಗಿಯ ಅಪ್ಪ ಅಕ್ಕನನ್ನು ಕೇಳಿದ್ದು ಕಿವಿಗೆ ಬಿತ್ತು: "ಹುಡುಗ ಹೆಂಗದಾನವ್ವ?"

"ಷೋಕಿ ಭಾಳ ಅದ್ರಿ. ಆದ್ರ ಹೆಣ್ಮಗಳು ಹೇಳಿದ್ರ ಕೇಳ್ತಾನ. ನಿಮ್ಮ ಮುಂದನ ಬಿಚ್ಚಾಕತ್ತಾನ, ನೋಡ್ರಿ."

ಆ ಸಂಜೆಯೇ ಮಾತು ಗಟ್ಟಿಯಾಯಿತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಣ್ಣಿಗೆ ಸುರಪುರದಿಂದ ನನ್ನ ಮಾವನೂ ಬಂದರು. ಅವಳ ಪಾದ ಹಿಡಿದು, "ನನ್ನ ಮಗಳಿಗೆ ಗಂಡನ್ನ ಆರಿಸಿ ಕೊಟ್ಟಾಕಿ ಈಕಿನ," ಎಂದು ಎಲ್ಲರೆದುರು ಅತ್ತುಬಿಟ್ಟರು.