ಪಾನನಿರೋಧದ ಕಾಲದ ಬಾಟ್ಲಿ

ಮುಟ್ಟು ನಿಂತ ಮೇಲೆ ನನ್ನ ಹೆಂಡತಿಗೆ ಮೈ ಬಂತು, ಬಾಯಾರಿಕೆ ಹೆಚ್ಚಾಯಿತು. ಈ ಪ್ರಾಯದಲ್ಲಿ ಸಕ್ಕರೆ ಕಾಯಿಲೆ ಬರುವುದುಂಟು, ಬೆಳಗ್ಗಿನ ಮೂತ್ರ ತನ್ನಿ ಎಂದರು ಮಣಿಪಾಲದ ಡಾಕ್ಟರು. ಬಾಟ್ಲಿಯಲ್ಲಿ ತುಂಬಿಸಿ ಕಾಪುವಿನಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಆಗ ಪಾನನಿರೋಧ ಇತ್ತು. ದಾರಿಯಲ್ಲಿ ಪೊಲೀಸಿನವ ನನ್ನ ಚೀಲಕ್ಕೆ ಕೈ ಹಾಕಿದ.

"ಎಂತ ಇದು, ಸಾರಾಯಿಯಾ?"

"ಅಲ್ಲ, ಆಸ್ಪತ್ರೆಗೆ."

"ಎಲ್ಲರೂ ಹಾಗೆಯೇ ಹೇಳುವುದು ಮಾರಾಯ್ರೆ. ಚೆಲ್ಲಿ."

ಚೆಲ್ಲಿದರೆ ಅಂದಿನ ಪರೀಕ್ಷೆ ಹೋಯಿತು. ಮೂತ್ರ ಎಂದು ಬಸ್ಸಿನವರ ಎದುರು ಹೇಳಲು ನನಗೆ ನಾಚಿಕೆ. ಅವನು ಬಿರಡೆ ತೆಗೆದು ಮೂಗಿಗೆ ಹಿಡಿದ.

"ಮೂಸಿದರೆ ಗೊತ್ತಾಗಲಿಕ್ಕಿಲ್ಲ ಅಣ್ಣ," ಎಂದಳು ನನ್ನವಳು. "ಅದು ನನ್ನ ಮೂತ್ರ. ರುಚಿ ನೋಡಿ ಸಕ್ಕರೆ ಉಂಟಾ ಹೇಳಿ, ನಾವು ಇಲ್ಲೇ ಇಳಿಯುತ್ತೇವೆ."

ಬಾಟ್ಲಿ ಕೂಡಲೇ ನನ್ನ ಕೈಗೆ ಬಂತು.

ಸಕ್ಕರೆ ಇತ್ತು. ಅವಳು ಈಗಿಲ್ಲ. ಉಡುಪಿ ಪೇಟೆಯಲ್ಲಿ ನನ್ನನ್ನು ಕಂಡರೆ ಆ ಪೊಲೀಸಿನವ ಈಗಲೂ ರಸ್ತೆ ದಾಟುತ್ತಾನೆ. ಅವಳಿದ್ದಿದ್ದರೆ ಕರೆದು ಮಾತಾಡಿಸುತ್ತಿದ್ದಳು.