ಅಮ್ಮ ಎಣಿಸಿದ ನಲವತ್ತೆರಡು ಗೆರೆ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆ ಇಲ್ಲಿ ಕಾಪುವಿನಲ್ಲಿ ಇರಲಿಲ್ಲ. ಅಪ್ಪನಿಗೆ ದೂರದ ಲಡಾಖಿನ ಒಂದು ಹಿಮದ ಕಣಿವೆಯಲ್ಲಿ ಹವೆ ಅಳೆಯುವ ಕೆಲಸ. ಮನೆಯ ಹೊರಗೆ ಒಂದು ಬಿಳಿ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇತ್ತು. ದಿನಾ ನಸುಕಿನಲ್ಲಿ ಅದನ್ನು ನೋಡಿ, ಎಷ್ಟು ಚಳಿ ಎಂದು ಫೋನಿನಲ್ಲಿ ತಿಳಿಸಬೇಕು. ವಿಮಾನ ಹಾರಿಸುವವರು ಆ ಅಂಕೆಗಾಗಿ ಕಾಯುತ್ತಿದ್ದರು. ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ.

ಆ ಚಳಿಗಾಲವನ್ನು ನಿಮಗೆ ಹೇಗೆ ಹೇಳಲಿ! ಬೆಟ್ಟಗಳ ಹಿಂದಿನಿಂದ ಸೂರ್ಯ ತಡವಾಗಿ ಬಂದು ಬೇಗನೆ ಮರೆಯಾಗುತ್ತಿದ್ದ. ಊರಿಂದ ತಂದ ತೆಂಗಿನೆಣ್ಣೆ ಬಾಟಲಿಯಲ್ಲೇ ಕಲ್ಲಾಗುತ್ತಿತ್ತು. ಒಗೆದು ಹರವಿದ ಲಂಗ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. ತಗಡಿನ ಒಲೆಯ ಸುತ್ತ ಕುಳಿತು ಕುಚ್ಚಲಕ್ಕಿ ಗಂಜಿ ಉಣ್ಣುವಾಗ, ಸುಟ್ಟ ಒಣಮೀನಿನ ವಾಸನೆಗೆ ಮಾತ್ರ ಊರು ಹತ್ತಿರ ಬಂದಂತಾಗುತ್ತಿತ್ತು.

ಒಂದು ದಿನ ನಸುಕಿನಲ್ಲಿ ಅಪ್ಪನಿಗೆ ಜ್ವರ ಏರಿತು. ಏಳಲು ಹೋದವರು ಗೋಡೆ ಹಿಡಿದು ಕುಸಿದರು. ಹೊರಗೆ ಕತ್ತಲೆ, ಹಿಮಗಾಳಿ.

"ಇವತ್ತು ತಪ್ಪಿಹೋಯ್ತು" ಎಂದು ಅಪ್ಪ ಕಣ್ಣು ಮುಚ್ಚಿದರು.

"ಎಂತ ತಪ್ಪುವುದು? ನಾನಿಲ್ವಾ?" ಎಂದಳು ಅಮ್ಮ.

"ನಿನಗೆ ಇಂಗ್ಲಿಷ್ ಅಂಕೆ ಬರುವುದಿಲ್ಲ ಮಾರಾಯ್ತಿ."

"ಸೊನ್ನೆ ಎಲ್ಲ ಕಡೆಯೂ ಸೊನ್ನೆಯೇ ಅಲ್ವಾ? ಅಲ್ಲಿಂದ ಕೆಳಗೆ ಗೆರೆ ಎಣಿಸಿದರಾಯ್ತು."

ಅಪ್ಪ ತಲೆದಿಂಬಿನ ಬಳಿಯಿದ್ದ ಟಾರ್ಚನ್ನು ಅವಳ ಕೈಗಿತ್ತರು. "ಉಸಿರು ತಾಗಿದರೆ ಪಾದರಸ ಏರ್ತದೆ. ಉಸಿರು ಬಿಗಿಹಿಡಿದು ನೋಡು" ಎಂದರು.

ಸೀರೆಯ ಮೇಲೆ ಅಪ್ಪನ ದಪ್ಪ ಕೋಟು ತೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟಾರ್ಚು ಹಿಡಿದು ಅಮ್ಮ ಹೊರಟಳು. ಹಗ್ಗದ ಇನ್ನೊಂದು ತುದಿ ಬಾಗಿಲಿಗೆ. ನಾಲ್ಕು ಹೆಜ್ಜೆಗೇ ಅವಳು ಕಾಣದಾದಳು. ನಾನು ಹಗ್ಗದ ಮೇಲೆ ಕೈಯಿಟ್ಟು ನಿಂತೆ. ಅದು ಜರುಗಿತು, ಮತ್ತೆ ಜರುಗಿತು, ಆಮೇಲೆ ಅಲುಗಾಡಲೇ ಇಲ್ಲ. "ಅಮ್ಮಾ!" ಎಂದು ಕೂಗಿದೆ. ಗಾಳಿಯ ಸದ್ದು ಮಾತ್ರ. ಅಳುತ್ತಾ ಹಗ್ಗ ಜಗ್ಗಿದೆ.

ಕೊನೆಗೂ ಬಂದಳು. ಹುಬ್ಬಿನ ಮೇಲೆ ಹಿಮ, ತುಟಿ ನೀಲಿ. ಮೊದಲು ಬೈದದ್ದೇ ನನಗೆ: "ಹಗ್ಗ ಎಂತಕ್ಕೆ ಜಗ್ಗಿದ್ದು? ಲೆಕ್ಕ ತಪ್ಪಿ ಪುನಃ ಎಣಿಸಬೇಕಾಯ್ತು!" ಆಮೇಲೆ ಅಪ್ಪನತ್ತ ತಿರುಗಿ, "ನಲವತ್ತೆರಡು ಗೆರೆ" ಎಂದಳು.

ಅಪ್ಪ ಗಾಬರಿಯಿಂದ ಎದ್ದು ಕುಳಿತರು. ಅಷ್ಟು ಚಳಿಯನ್ನು ಅವರೂ ಕಂಡಿರಲಿಲ್ಲ. ಮರುಕ್ಷಣ ನಗತೊಡಗಿದರು. ಒಂದೊಂದು ಗೆರೆಗೆ ಅರ್ಧ ಡಿಗ್ರಿ ಎಂದು ಹೇಳಲು ಮರೆತಿದ್ದರು! ಫೋನ್ ಎತ್ತಿ, ಸೊನ್ನೆಗಿಂತ ಇಪ್ಪತ್ತೊಂದು ಡಿಗ್ರಿ ಕೆಳಗೆ ಎಂದು ತಿಳಿಸಿದರು.

ಅಪ್ಪ ಚೇತರಿಸಿಕೊಳ್ಳುವವರೆಗೆ ನಾಲ್ಕು ದಿನವೂ ಅಮ್ಮನೇ ಹೋದಳು. ದಿನದ ಅಂಕೆ ಬರೆದಿಡುವ ಪುಸ್ತಕದಲ್ಲಿ ಆ ನಾಲ್ಕು ಸಾಲುಗಳ ಎದುರು ಅಪ್ಪ ತಮ್ಮ ಸಹಿ ಹಾಕಲಿಲ್ಲ, ಅಮ್ಮನಿಂದಲೇ ಕನ್ನಡದಲ್ಲಿ ಹಾಕಿಸಿದರು. ಹಿಮ ಕರಗಿದ ಮೇಲೆ ತಪಾಸಣೆಗೆ ಬಂದ ಅಧಿಕಾರಿ "ಇದು ಯಾರದು?" ಎಂದು ಕೇಳಿದಾಗ, "ನನ್ನ ಹೆಂಡತಿಯದು" ಎಂದು ಅಪ್ಪ ತಲೆಯೆತ್ತಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಿಮಗೆ ಡಿಸೆಂಬರಿನಲ್ಲೂ ಫ್ಯಾನ್ ಬೇಕು. ನಾಳೆ ಮಣಿಪಾಲದಲ್ಲಿ ಎಷ್ಟು ಸೆಕೆ ಎಂದು ಫೋನ್ ನೋಡಿ ಹೇಳಿಬಿಡುತ್ತೀರಿ. ಒಳ್ಳೆಯದೇ. ಆದರೆ ಆಗ ಒಂದೇ ಒಂದು ಅಂಕೆಗಾಗಿ ಯಾರಾದರೂ ಬಾಗಿಲು ತೆರೆದು ಹೊರಗೆ ಹೋಗಬೇಕಿತ್ತು. ನಾಲ್ಕು ದಿನ ಹಾಗೆ ಹೋದವಳು ನಿಮ್ಮ ಮುತ್ತಜ್ಜಿ.