ಮಾಸ್ಟರ್ ಕತ್ತರಿಸದ ಬಟ್ಟೆ

ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ, ಜೀನ್ಸ್ ಹೊಲಿಸಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಯೊಂದರಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಬಟ್ಟೆಯ ಗಂಧಗಾಳಿಯೂ ನನಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದವರು ಕಟಿಂಗ್ ಮಾಸ್ಟರ್. ಅರವತ್ತರ ಹತ್ತಿರದವರು, ದಿನಾ ಕುರುಗೋಡಿನಿಂದ ಬಸ್ಸಿಗೆ ಬರುತ್ತಿದ್ದರು. ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ, ಒಗೆದರೆ ಎಷ್ಟು ಕುಗ್ಗುತ್ತದೆಂದು ಹೇಳಿಬಿಡುತ್ತಿದ್ದರು.

ಆ ವರ್ಷ ಮಾಲೀಕರು ಲೈಸೆನ್ಸ್ ಮೇಲೆ, ಸುಂಕ ಕಟ್ಟದೆ, ಹೊರಗಿನಿಂದ ಬಟ್ಟೆ ತರಿಸಿದರು. ಆ ಬಟ್ಟೆಯ ಪ್ಯಾಂಟುಗಳನ್ನು ರಫ್ತು ಮಾಡಬೇಕು, ರಫ್ತಿನ ಹೊತ್ತಿಗೆ ಕಸ್ಟಮ್ಸಿಗೆ ಕೊಡುವ ಪ್ರತಿ ಶಿಪ್ಪಿಂಗ್ ಬಿಲ್ಲಿನಲ್ಲೂ ಆ ಲೈಸೆನ್ಸ್ ಕಾಣಿಸಬೇಕು ಎನ್ನುವುದು ಷರತ್ತು. ನಾನು ಹಳೆಯ ಬಿಲ್ಲಿನ ನಕಲು ಇಟ್ಟುಕೊಂಡು ಹೊಸ ವಿವರ ತುಂಬಿ ಚೆನ್ನೈ ಬಂದರಿನ ಏಜೆಂಟರಿಗೆ ಕಳಿಸಿದೆ. ಸ್ಕೀಮಿನ ಖಾನೆಯಲ್ಲಿ ಮಾತ್ರ ಹಳೆಯದೇ ಉಳಿಯಿತು. ಅದು ಬೇರೆ ಸ್ಕೀಮು, ರಫ್ತಾದ ಮೇಲೆ ಸುಂಕದ ಒಂದು ಪಾಲು ವಾಪಸ್ ಕೊಡುವಂಥದ್ದು. ಮೂರು ಕಂಟೇನರ್ ಹಾಗೇ ಹಡಗು ಹತ್ತಿದವು. ತಿಂಗಳುಗಳ ಮೇಲೆ ಲೈಸೆನ್ಸಿನ ಕಡತ ಮುಗಿಸಲು ಕೂತಾಗ ನನಗದು ಕಂಡಿತು. ಕಾಗದದ ಪ್ರಕಾರ ಆ ಬಟ್ಟೆ ದೇಶ ಬಿಟ್ಟೇ ಇರಲಿಲ್ಲ. ಅಂದರೆ ಕಟ್ಟದೆ ಬಿಟ್ಟ ಸುಂಕವನ್ನೆಲ್ಲ ಈಗ ಕಟ್ಟಬೇಕು.

ಬಿಲ್ಲಿನ ಸ್ಕೀಮು ಬದಲಿಸಿಕೊಡಿ ಎಂದು ಕಸ್ಟಮ್ಸಿಗೆ ಅರ್ಜಿ ಹಾಕಬಹುದು. ಆದರೆ ಆ ಬಟ್ಟೆಯೇ ಆ ಪ್ಯಾಂಟಿಗೆ ಹೋಯಿತೆನ್ನಲು ರಫ್ತಿನ ಹೊತ್ತಿಗೇ ಬರೆದಿಟ್ಟ ದಾಖಲೆ ಬೇಕು. ನಮ್ಮಲ್ಲಿದ್ದದ್ದು ಮಾಸ್ಟರ್ ಬರೆಯುವ ಕಟಿಂಗ್ ರಿಜಿಸ್ಟರ್. ಅದರಲ್ಲಿ ಬೇಕಾದ ತಿಂಗಳಿನ ಹಾಳೆಗಳನ್ನೇ ಗೆದ್ದಲು ತಿಂದಿತ್ತು.

“ಹೊಸದು ಬರಸಮ್ಮಾ,” ಅಂದರು ಮಾಲೀಕರು. “ಬಟ್ಟಿ ಕತ್ತರಿಸಿದ್ದು ಖರೇನ ಐತಿ. ಬರಿಯೋದರಾಗ ಸುಳ್ಳೇನು?”

ನನಗೂ ಹಾಗೇ ಅನ್ನಿಸಿತು. ಬಟ್ಟೆಯ ಒಟ್ಟು ಥಾನುಗಳನ್ನು ನನಗೆ ತೋಚಿದಂತೆ ದಿನಗಳಿಗೆ ಹಂಚಿ ಓದುತ್ತಾ ಹೋದೆ. ಮಾಸ್ಟರ್ ದುಂಡಗೆ ಬರೆದು ಸಹಿ ಹಾಕುತ್ತಾ ಹೋದರು. ಒಂದು ಕಡೆ ಪೆನ್ನು ನಿಂತಿತು.

“ತಾರೀಕು ಸರಿ ನೋಡಿದಿ ಏನವ್ವಾ?”

“ನೋಡೀನ್ರಿ, ಬರೀರಿ,” ಅಂದೆ. ನೋಡಿರಲಿಲ್ಲ.

ಚೆನ್ನೈನ ಕಸ್ಟಮ್ಸ್ ವಿಚಾರಣೆಗೆ ಮಾಲೀಕರು, ಮಾಸ್ಟರ್, ನಾನು ಮೂವರೂ ಹೋದೆವು. ಅಧಿಕಾರಿ ಆ ರಿಜಿಸ್ಟರನ್ನೂ, ಅರ್ಜಿಯ ಜೊತೆ ನಾನೇ ಇಟ್ಟಿದ್ದ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ತೆರೆದಿಟ್ಟರು. ಹಾಜರಿಯಲ್ಲಿ ಮಾಸ್ಟರ್ ಎರಡು ದಿನ ರಜೆ. ರಿಜಿಸ್ಟರಿನಲ್ಲಿ ಅದೇ ಎರಡು ದಿನ ಬಟ್ಟೆ ಕತ್ತರಿಸಿ ಸಹಿ ಹಾಕಿದ್ದರು.

ಆ ಎರಡು ದಿನ ಸಿರುಗುಪ್ಪದಲ್ಲಿ ಅವರ ಮಗಳ ಮದುವೆ. ನಾನೂ ಹೋಗಿದ್ದೆ. ಮಾಸ್ಟರ್ ತಾವೇ ಪಂಕ್ತಿಗೆ ಬಂದು, ಬೇಡವೆಂದರೂ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ್ದರು.

“ಯಾರು ಬರೆಸಿದ್ದು ಇದನ್ನು?” ಅಧಿಕಾರಿ ನಮಗೂ ತಿಳಿಯುವ ತೆಲುಗಿನಲ್ಲಿ ಕೇಳಿದರು.

ಮಾಲೀಕರು ಕಿಟಕಿಯ ಕಡೆ ನೋಡಿದರು. ನಾನು ನೆಲ ನೋಡಿದೆ.

“ಯಾರೂ ಬರೆಸಲಿಲ್ಲ. ನಾನೇ ಬರೆದೆ,” ಅಂದರು ಮಾಸ್ಟರ್, ತೆಲುಗಿನಲ್ಲೇ.

ಅರ್ಜಿ ವಜಾ ಆಯಿತು. ಸುಂಕದ ಮೇಲೆ ದಂಡವೂ ಬಿತ್ತು. ಆದೇಶದಲ್ಲಿ ಸುಳ್ಳು ದಾಖಲೆ ಬರೆದವರೆಂದು ಮಾಸ್ಟರ್ ಹೆಸರಿತ್ತು. ಅದನ್ನೇ ತೋರಿಸಿ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಿದರು. ದಂಡದ ಹೊರೆಗೆ ಹೊಲಿಗೆ ಯಂತ್ರಗಳ ಒಂದು ಸಾಲೂ ನಿಂತಿತು. ಕೆಲಸ ಹೋದ ಹೆಂಗಸೊಬ್ಬಳು ನನ್ನ ಮೇಜಿನ ಮುಂದೆಯೇ, “ಆ ಮುದುಕ ನಮ್ಮ ಹೊಟ್ಟಿ ಮ್ಯಾಲ ಹೊಡದ,” ಅಂದಳು. ನಾನು ತಲೆ ಎತ್ತದೆ ಮುಂದಿನ ಬಿಲ್ಲು ತುಂಬುತ್ತಾ ಹೋದೆ.

ಎರಡು ತಿಂಗಳು ತಡೆದು ಕುರುಗೋಡಿಗೆ ಹೋದೆ. ಮಾಸ್ಟರ್ ಪಡಸಾಲೆಯಲ್ಲಿ ಕೂತು ಯಾರದೋ ಹಳೆಯ ಅಂಗಿಯ ಕಾಲರ್ ಬಿಚ್ಚುತ್ತಿದ್ದರು. ಅವರ ಹೆಂಡತಿ ಚಹಾ ಕೊಟ್ಟರು.

“ತಪ್ಪು ನಂದು, ಮಾಸ್ಟರ್. ಬಿಲ್ಲಿಂದೂ ನಂದ, ತಾರೀಕಿಂದೂ ನಂದ.”

“ಗೊತ್ತೈತವ್ವಾ. ಮಗಳ ಮದುವಿ ತಾರೀಕು ಮರೀತೀನೇನು? ಅದಕ್ಕ ನಿನ್ನ ಕೇಳಿದೆ. ನೋಡೀನಿ ಅಂದಿ.”

“ಮತ್ತ ಯಾಕ ಬರದ್ರಿ?”

“ಓದಿದಾಕಿ, ಏನೋ ಲೆಕ್ಕ ಇರತೈತಿ ಅಂದ್ಕೊಂಡೆ.” ಕತ್ತರಿ ಕೆಳಗಿಟ್ಟರು. “ಅವತ್ತು ಅಲ್ಲಿ ನೀ ಒಂದು ಮಾತು ಆಡ್ತಿ ಅಂತನೂ ಅಂದ್ಕೊಂಡಿದ್ದೆ.”

ಅವರ ಹೆಂಡತಿ ನನ್ನ ಕಡೆ ನೋಡದೆ, ನಾನು ಅರ್ಧ ಕುಡಿದಿದ್ದ ಚಹಾದ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು.

ಮರುದಿನ ಮಾಲೀಕರಿಗೆ ಎಲ್ಲ ಹೇಳಿದೆ. “ಮುಗಿದದ್ದು ಕೆದಕಬ್ಯಾಡಮ್ಮಾ,” ಅಂದರು. ನಾನು ಕೆದಕಲಿಲ್ಲ. ಅದೇ ಕುರ್ಚಿಯಲ್ಲಿ ಇನ್ನೂ ಎರಡು ವರ್ಷ ಕೂತೆ. ಕುರುಗೋಡಿಗೆ ಮತ್ತೆ ಹೋಗಲಿಲ್ಲ.